ಒಂಬತ್ತು ವರ್ಷದಿಂದ ಹಾಕದ ಒಂದು ವೋಟು

ಈ ಸಲ ಯುಗಾದಿಗೆ ಊರಿಗೆ ಹೋದಾಗ ನಾವೆಲ್ಲ ಒಂದೇ ಪ್ರಶ್ನೆ ಕೇಳಿಕೊಂಡು ಬಂದೆವು. ಹೋಟೆಲಿನ ಮುಂದೆ, ಡೇರಿ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನೆಲ್ಲ ಕೇಳಿದೆವು: "ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು?"

ಕೆಲವರು ಹಳೆಯ ಸದಸ್ಯರ ಹೆಸರು ಹೇಳಿದರು. ಕೆಲವರು ಶಾಸಕರ ಹೆಸರು ಹೇಳಿದರು. ಒಬ್ಬ ಅಜ್ಜ ನಕ್ಕು, "ಅದು ಇನ್ನೂ ಐತೇನಪ್ಪಾ?" ಅಂದರು. ನಮ್ಮ ವಯಸ್ಸಿನ ಹುಡುಗರು ಭುಜ ಕುಣಿಸಿ ಮೊಬೈಲ್ ನೋಡತೊಡಗಿದರು.

ಸರಿಯಾದ ಉತ್ತರ: ಯಾರೂ ಇಲ್ಲ. ಕರ್ನಾಟಕದ ಯಾವ ಹಳ್ಳಿಗೂ ಇವತ್ತು ಜಿಲ್ಲಾ ಪಂಚಾಯಿತಿ ಸದಸ್ಯರೂ ಇಲ್ಲ, ತಾಲ್ಲೂಕು ಪಂಚಾಯಿತಿ ಸದಸ್ಯರೂ ಇಲ್ಲ. ನಾವು ಕೊನೆಯ ಸಲ ಇವರನ್ನು ಆರಿಸಿದ್ದು 2016ರ ಫೆಬ್ರವರಿಯಲ್ಲಿ. ಅವರ ಐದು ವರ್ಷದ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಚುನಾವಣೆಯೇ ನಡೆದಿಲ್ಲ. ಇವತ್ತು 2025ರ ಏಪ್ರಿಲ್ 24, ರಾಷ್ಟ್ರೀಯ ಪಂಚಾಯತ್ ರಾಜ್ ದಿನ. ಭಾಷಣ ಆಗುತ್ತದೆ, ಹಾರ ಬೀಳುತ್ತದೆ. ಚುನಾವಣೆ ಯಾವಾಗ ಅನ್ನುವುದಕ್ಕೆ ಮಾತ್ರ ದಿನಾಂಕ ಇಲ್ಲ.

ಲೆಕ್ಕ ಹಾಕಿ ನೋಡಿ. ಇವತ್ತು 27 ವರ್ಷ ತುಂಬದ ಯಾರೊಬ್ಬರೂ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿಗೆ ಒಂದು ವೋಟೂ ಹಾಕಿಲ್ಲ. ನಮ್ಮ ಗುಂಪಿನಲ್ಲೂ ಹೆಚ್ಚಿನವರು ಹಾಕಿಲ್ಲ. ಪತ್ರಿಕೋದ್ಯಮ ಓದಿದ ನಮ್ಮ ಕಥೆಯೇ ಹೀಗಾದರೆ, ಕೂಲಿಗೆ ಹೋಗುವ ನಮ್ಮ ಗೆಳೆಯರಿಗೆ ಇದೊಂದು ಹಕ್ಕು ಅಂತ ಗೊತ್ತಾಗುವುದಾದರೂ ಹೇಗೆ?

ಪ್ರಜಾಪ್ರಭುತ್ವಕ್ಕೆ ಅಪಾಯ ಅಂದಾಗ ನಾವು ದೆಹಲಿ ಕಡೆ ನೋಡುತ್ತೇವೆ. ಟಿವಿಯಲ್ಲಿ ಅದೇ ಚರ್ಚೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮನೆ ಹಿತ್ತಲಲ್ಲಿ ನಾಲ್ಕು ವರ್ಷದಿಂದ ಒಂದು ಚುನಾವಣೆ ಕಾಣೆಯಾಗಿದೆ. ಕಳೆದುಹೋಗಿದೆ ಅಂತ ದೂರು ಕೊಟ್ಟವರು ಕಡಿಮೆ. ನಮಗೆ ಹೆದರಿಕೆ ಆಗುವುದು ಅದಕ್ಕೇ.

ಇದರಿಂದ ನಮಗೇನು ನಷ್ಟ ಅಂತ ಕೇಳಬಹುದು. ನಮ್ಮಲ್ಲೊಬ್ಬರ ಊರಿನ ಮಾತು ಹೇಳುತ್ತೇವೆ. ಅಲ್ಲಿನ ಸರ್ಕಾರಿ ಶಾಲೆಯ ಒಂದು ಕೊಠಡಿ ಮಳೆ ಬಂದರೆ ಸೋರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ "ಅದು ಶಿಕ್ಷಣ ಇಲಾಖೆದು" ಅಂದರು. ಇಲಾಖೆಯಲ್ಲಿ ಕೇಳಿದರೆ "ಮೇಲಕ್ಕೆ ಬರೆದಿದ್ದೇವೆ" ಅಂದರು. ಮೇಲೆ ಕೇಳಿದರೆ "ಅನುದಾನ ಬಂದಾಗ ನೋಡೋಣ" ಅಂದರು. ಯಾರೂ ಸುಳ್ಳು ಹೇಳಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಕೊಠಡಿ ಮಾತ್ರ ಇವತ್ತಿಗೂ ಸೋರುತ್ತಿದೆ.

ಮೊದಲಾದರೆ ಏನಾಗುತ್ತಿತ್ತು? ಜಿಲ್ಲಾ ಪಂಚಾಯಿತಿ ಸದಸ್ಯರು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು, ಆ ಶಾಲೆಯ ಹೆಸರು ಹೇಳಿ, ಅಧಿಕಾರಿಗಳನ್ನು ಕೇಳಬಹುದಿತ್ತು. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಮುಂದಿನ ಸಭೆಯಲ್ಲಿ "ಹೋದ ಸಲ ಹೇಳಿದ್ದು ಏನಾಯಿತು?" ಅಂತ ಮತ್ತೆ ಕೇಳಬಹುದಿತ್ತು. ಕೇಳದೆ ಸುಮ್ಮನೆ ಕೂತ ಸದಸ್ಯರೂ ಬೇಕಾದಷ್ಟು ಜನ ಇದ್ದರು, ಒಪ್ಪುತ್ತೇವೆ. ಆದರೆ ಸುಮ್ಮನೆ ಕೂತವರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸುವ ದಾರಿ ನಮ್ಮ ಕೈಯಲ್ಲಿತ್ತು.

ಈಗ ಆ ಜಾಗದಲ್ಲಿ ಆಡಳಿತಾಧಿಕಾರಿ ಇದ್ದಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಅವರು ನಮ್ಮ ಊರಿನ ಬಾಗಿಲಿಗೆ ವೋಟು ಕೇಳಿಕೊಂಡು ಬರಬೇಕಾಗಿಲ್ಲ. ವರ್ಗ ಆದರೆ ಹೊರಟುಹೋಗುತ್ತಾರೆ. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಕುಡಿಯುವ ನೀರು, ಹಾಸ್ಟೆಲ್, ಪಶು ಆಸ್ಪತ್ರೆ ಇವೆಲ್ಲ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯ ಕೈಕೆಳಗೆ ಬರುವ ಕೆಲಸಗಳು. ಇಷ್ಟು ದೊಡ್ಡ ಮನೆ ಹೇಳೋರಿಲ್ಲದೆ ಕೇಳೋರಿಲ್ಲದೆ ನಾಲ್ಕು ವರ್ಷ ನಡೆದಿದೆ.

ದುಡ್ಡಿನ ಲೆಕ್ಕವೂ ಇದೆ. 15ನೇ ಹಣಕಾಸು ಆಯೋಗದ ಅನುದಾನ ಬೇಕೆಂದರೆ ಚುನಾಯಿತ ಸದಸ್ಯರು ಇರಬೇಕು ಅನ್ನುವುದು ಕೇಂದ್ರದ ಷರತ್ತು. ಚುನಾವಣೆ ಇಲ್ಲ, ಅಂದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯ ಪಾಲೂ ಇಲ್ಲ. ವೋಟು ಹಾಕದಿದ್ದದ್ದಕ್ಕೆ ನಾವು ದಂಡವನ್ನೂ ಕಟ್ಟುತ್ತಿದ್ದೇವೆ.

ಇನ್ನೊಂದು ಲೆಕ್ಕ. 2016ರಲ್ಲಿ ಎರಡೂ ಕಡೆ ಸೇರಿ ಸುಮಾರು 5 ಸಾವಿರ ಸದಸ್ಯರು ಆಯ್ಕೆಯಾಗಿದ್ದರು. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಅಂದರೆ ಸುಮಾರು ಎರಡೂವರೆ ಸಾವಿರ ಹೆಣ್ಣುಮಕ್ಕಳು ಕೂರಬೇಕಾದ ಕುರ್ಚಿಗಳು ಖಾಲಿ ಇವೆ. ದಲಿತರ, ಆದಿವಾಸಿಗಳ, ಹಿಂದುಳಿದವರ ಕುರ್ಚಿಗಳೂ ಅದರೊಳಗೇ ಇವೆ. ವಿಧಾನಸಭೆಗೆ ನಿಲ್ಲಲು ಕೋಟಿಗಟ್ಟಲೆ ಬೇಕು ಅನ್ನುವ ಕಾಲದಲ್ಲಿ, ನಮ್ಮಂಥವರ ಮನೆಯ ಮಕ್ಕಳು ರಾಜಕೀಯಕ್ಕೆ ಹತ್ತಬಹುದಾದ ಮೆಟ್ಟಿಲು ಇದೇ ಆಗಿತ್ತು.

ಈ ಮೆಟ್ಟಿಲಿನ ಬೆಲೆ ದೊಡ್ಡ ನಾಯಕರಿಗೆ ಚೆನ್ನಾಗಿ ಗೊತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಚುನಾವಣಾ ರಾಜಕೀಯ ಶುರುವಾದದ್ದು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿನಿಂದ. ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪ ಅವರದು ಶಿಕಾರಿಪುರ ಪುರಸಭೆಯಿಂದ. ಇಬ್ಬರೂ ಹತ್ತಿದ ಮೆಟ್ಟಿಲನ್ನು ಇಬ್ಬರ ಪಕ್ಷದ ಸರ್ಕಾರಗಳೂ ಮುಂದಿನವರಿಗೆ ತೆಗೆದಿಟ್ಟಿವೆ.

ಹೌದು, ಇದರಲ್ಲಿ ಒಂದು ಪಕ್ಷವನ್ನಷ್ಟೇ ಬೈಯುವ ಹಾಗಿಲ್ಲ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಆಗ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ಆಯೋಗದಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಮಾಡಿದ ಕೆಲಸ ಮತ್ತೆ ಮೊದಲಿನಿಂದ. ಹೈಕೋರ್ಟ್ ಮತ್ತೆ ಮತ್ತೆ ಗಡುವು ಕೊಟ್ಟಿತು. 2022ರ ಡಿಸೆಂಬರಿನಲ್ಲಿ ತಡ ಮಾಡಿದ್ದಕ್ಕೆ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಅದಕ್ಕೂ ಎರಡು ವರ್ಷ ಆಗುತ್ತಾ ಬಂತು. ಚುನಾವಣೆ ಇನ್ನೂ ಬರಲಿಲ್ಲ. ಇತ್ತ ಬೆಂಗಳೂರಿನ ಬಿಬಿಎಂಪಿಯಲ್ಲೂ 2020ರ ಸೆಪ್ಟೆಂಬರಿನಿಂದ ಚುನಾಯಿತ ಸದಸ್ಯರಿಲ್ಲ. ಎಲ್ಲದರಲ್ಲೂ ಜಗಳ ಆಡುವ ಪಕ್ಷಗಳು ಇದೊಂದರಲ್ಲಿ ಒಟ್ಟಾಗಿವೆ.

ಯಾಕೆ ಹೀಗೆ? ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ನಡುವಿನ ಈ ಸದಸ್ಯರು ಇಲ್ಲದಿದ್ದರೆ ಯಾವ ಊರಿಗೆ ಯಾವ ಕಾಮಗಾರಿ ಅಂತ ತೀರ್ಮಾನ ಮಾಡುವುದು ಶಾಸಕರಿಗೆ ಸುಲಭ. ನಾಳೆ ಟಿಕೆಟ್ ಕೇಳುವ ಎದುರಾಳಿಯೂ ಹುಟ್ಟುವುದಿಲ್ಲ.

ಸರ್ಕಾರ ಕೊಡುವ ಕಾರಣಗಳು ಪೂರ್ತಿ ಸುಳ್ಳಲ್ಲ. ಹೊಸ ತಾಲ್ಲೂಕುಗಳು ಆಗಿವೆ, ಕ್ಷೇತ್ರ ವಿಂಗಡಣೆ ಬೇಕು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶ ಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಹಿಂದುಳಿದವರ ಪಾಲು ಕಡಿಮೆ ಆಗಬಾರದು ಅನ್ನುವುದರಲ್ಲಿ ನಮಗೂ ಎರಡು ಮಾತಿಲ್ಲ. ಆದರೆ ಇದೇ ಕಾರಣ ಮಧ್ಯಪ್ರದೇಶದಲ್ಲೂ ಇತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇಂಥ ಕಾರಣಕ್ಕೆ ಚುನಾವಣೆ ಮುಂದೂಡುವ ಹಾಗಿಲ್ಲ, ಎಲ್ಲ ರಾಜ್ಯಗಳಿಗೂ ಇದು ಅನ್ವಯ ಅಂದಿತು. ಅಲ್ಲಿ ಜೂನ್, ಜುಲೈನಲ್ಲಿ ಪಂಚಾಯಿತಿ ಚುನಾವಣೆ ಮುಗಿದೇ ಹೋಯಿತು. ಅವರಿಗೆ ಎರಡು ತಿಂಗಳಲ್ಲಿ ಆದದ್ದು ನಮಗೆ ನಾಲ್ಕು ವರ್ಷದಲ್ಲಿ ಆಗಿಲ್ಲ ಅಂದರೆ, ಅದನ್ನು ಕಷ್ಟ ಅನ್ನುವುದಿಲ್ಲ, ಮನಸ್ಸಿಲ್ಲ ಅನ್ನುತ್ತಾರೆ.

ಸಂವಿಧಾನದ 243-ಇ ವಿಧಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮುಂಚೆಯೇ ಮುಂದಿನ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆ ಆದರೂ ಆರು ತಿಂಗಳೊಳಗೆ ಚುನಾವಣೆ ಆಗಬೇಕು.

ಇಷ್ಟು ಕಡ್ಡಿ ಮುರಿದ ಹಾಗೆ ಬರೆಯಬೇಕಾಗಿ ಬಂದದ್ದು ಯಾಕೆ ಅನ್ನುವುದಕ್ಕೆ ನಮ್ಮ ರಾಜ್ಯದ ಕಥೆಯೇ ಒಂದು ಉತ್ತರ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಅಜ್ಜಿಯರು ಈಗಲೂ 'ನೀರ್ ಸಾಬ್' ಅಂತ ನೆನೆಯುತ್ತಾರೆ. ಅವರು ಕೊಳವೆಬಾವಿ ಕೊರೆಸಿದ್ದಷ್ಟೇ ಅಲ್ಲ, ಅಧಿಕಾರವನ್ನೂ ಹಳ್ಳಿಗೆ ಇಳಿಸಿದರು. 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ಆಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟರು. ದೇಶವೇ ನೋಡಲು ಬಂತು. ಆದರೆ ಅವಧಿ ಮುಗಿದ ಮೇಲೆ ಹೊಸ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಬೇರೆ ಬೇರೆ ರಾಜ್ಯಗಳಲ್ಲೂ ಇದೇ ಕಥೆ. ಅದಕ್ಕೇ 73ನೇ ತಿದ್ದುಪಡಿ ಬಂತು. 1993ರ ಏಪ್ರಿಲ್ 24ರಂದು ಜಾರಿಯಾಯಿತು. ಮೂವತ್ತೆರಡು ವರ್ಷ ಆದ ಮೇಲೆ, ಯಾವ ರೋಗಕ್ಕೆ ಆ ಔಷಧ ಬಂತೋ ಅದೇ ರೋಗ ಮತ್ತೆ ಬಂದಿದೆ.

"ಚುನಾವಣೆ ಬಂದರೆ ಹೆಂಡ, ದುಡ್ಡು, ಜಗಳ. ಇಲ್ಲದಿದ್ದರೇ ವಾಸಿ ಬಿಡಿ" ಅಂತ ನಮಗೆ ಹಲವರು ಹೇಳಿದರು. ಈ ಬೇಸರ ನಮಗೆ ಅರ್ಥವಾಗುತ್ತದೆ. ನಮ್ಮ ಊರಿನವರ ಕೈಯೂ ಪೂರ್ತಿ ಶುದ್ಧವಿಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಕಡೆ ದೇವಸ್ಥಾನದ ಹೆಸರಿನಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂತು. ಹೆಚ್ಚು ಕೂಗಿದವರು 'ಅವಿರೋಧ ಆಯ್ಕೆ'. ಸರ್ಕಾರ ವೋಟನ್ನು ಮುಂದೂಡಿದರೆ, ನಾವು ಅದನ್ನು ಮಾರಿಬಿಟ್ಟೆವು. ಎರಡರಲ್ಲೂ ಕೊನೆಗೆ ವೋಟು ಇರುವುದಿಲ್ಲ. ರಾಜಕಾರಣಿಗಳ ಮೇಲೆ ನಂಬಿಕೆ ಹೋಯಿತು ಅನ್ನುವ ಮುಂಚೆ ಇದನ್ನೂ ನಾವು ಒಪ್ಪಿಕೊಳ್ಳಬೇಕು.

ಆದರೆ ಬಾವಿ ನೀರು ಕೆಟ್ಟರೆ ಬಾವಿ ಮುಚ್ಚುವುದಿಲ್ಲ, ಹೂಳು ತೆಗೆಯುತ್ತೇವೆ. ನಂಬಿಕೆ ಅನ್ನುವುದು ಭಾಷಣ ಕೇಳಿ ಬರುವುದಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಾಗ ಬರುತ್ತದೆ. ಉತ್ತರ ಕೊಡದವರನ್ನು ಬದಲಿಸಲು ಆಗುತ್ತದೆ ಅಂತ ಗೊತ್ತಿದ್ದಾಗ ಬರುತ್ತದೆ. ಹತ್ತಿರದ ವೋಟೇ ಇಲ್ಲದಿದ್ದರೆ ದೂರದ ವೋಟಿನ ಮೇಲೆ ನಂಬಿಕೆ ಇಡಿ ಅಂತ ಜನಕ್ಕೆ ಹೇಳುವುದು ಹೇಗೆ?

ಈಗ ತುರ್ತು ಯಾಕೆ ಅಂದರೆ, ಬರುವ ಡಿಸೆಂಬರಿಗೆ ಗ್ರಾಮ ಪಂಚಾಯಿತಿಗೆ ನಾವು ವೋಟು ಹಾಕಿ ಐದು ವರ್ಷ ತುಂಬುತ್ತದೆ. ಹೋದ ಸಲವೂ ಅವಧಿ ಮುಗಿದು, ಕೊರೊನಾ ಕಾರಣಕ್ಕೆ ಆಡಳಿತಾಧಿಕಾರಿ ಬಂದು, ತಿಂಗಳುಗಟ್ಟಲೆ ಕಾದ ಮೇಲೆ ಚುನಾವಣೆ ಆಯಿತು. ಜಿಲ್ಲಾ ಪಂಚಾಯಿತಿಯನ್ನು ನಾಲ್ಕು ವರ್ಷ ಖಾಲಿ ಬಿಟ್ಟರೂ ಯಾರೂ ಕೇಳಲಿಲ್ಲ ಅಂತಾದರೆ, ಗ್ರಾಮ ಪಂಚಾಯಿತಿಯನ್ನೂ ಖಾಲಿ ಬಿಡಲು ಯಾರಿಗೆ ಹೆದರಿಕೆ? ಆಗ ವಿಧಾನಸೌಧದಿಂದ ನಮ್ಮ ಬೀದಿಯವರೆಗೆ ನಡುವೆ ನಾವು ಆರಿಸಿದ ಒಬ್ಬರೂ ಇರುವುದಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ದೊಡ್ಡ ಹೋರಾಟದ ಮಾತು ಬೇಡ. ಮೂರು ಸಣ್ಣ ಕೆಲಸ.

ಒಂದು, ಗ್ರಾಮಸಭೆ. ಮುಂದಿನ ಗ್ರಾಮಸಭೆಗೆ ಹೋಗಿ, "ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಕೂಡಲೇ ನಡೆಸಬೇಕು, ಗ್ರಾಮ ಪಂಚಾಯಿತಿ ಚುನಾವಣೆ ಅವಧಿಯೊಳಗೇ ನಡೆಸಬೇಕು" ಅಂತ ಒಂದು ನಿರ್ಣಯ ಮಂಡಿಸಿ. ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದರ ಫೋಟೋ ತೆಗೆದುಕೊಳ್ಳಿ. ಒಂದು ಊರಿನ ನಿರ್ಣಯ ಕಾಗದ ಅಷ್ಟೇ. ಸಾವಿರ ಊರಿನದು ಬಂದರೆ ಅದನ್ನು ಕಸದ ಬುಟ್ಟಿಗೆ ಹಾಕುವುದು ಕಷ್ಟ.

ಎರಡು, ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ ಕಟ್ಟಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಅರ್ಜಿ ಹಾಕಿ. ಮೀಸಲಾತಿ ಪಟ್ಟಿಯ ಕಡತ ಯಾವ ಹಂತದಲ್ಲಿದೆ ಅಂತ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಅರ್ಜಿ ಬರೆಯಲು ಬಾರದಿದ್ದರೆ ಊರಿನ ಕಾಲೇಜು ಹುಡುಗಿಗೋ ಹುಡುಗನಿಗೋ ಹೇಳಿ, ಅರ್ಧ ಗಂಟೆಯ ಕೆಲಸ.

ಮೂರು, ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ. ಯಾವ ಪಕ್ಷ ಅಂತ ನೋಡಬೇಡಿ. "ನಮ್ಮ ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಸಾರ್?" ಅಷ್ಟೇ ಪ್ರಶ್ನೆ. ಗಟ್ಟಿಯಾಗಿ, ನಾಲ್ಕು ಜನರ ಮುಂದೆ.

ನಮ್ಮ ಪಾಲಿನದನ್ನೂ ಹೇಳಬೇಕು. ಜಿಲ್ಲಾ ಪಂಚಾಯಿತಿ ಸಭೆಗಳು ನಿಂತ ಮೇಲೆ ಸುದ್ದಿಗೆ ನಾವು ಹೆಚ್ಚಾಗಿ ಪತ್ರಿಕಾ ಪ್ರಕಟಣೆಗಳನ್ನೇ ನೆಚ್ಚಿಕೊಂಡೆವು. ಖಾಲಿ ಕುರ್ಚಿಗಳ ಬಗ್ಗೆ ಬರೆದದ್ದು ಕಡಿಮೆ. ಈ ತಪ್ಪು ನಮ್ಮದೂ ಹೌದು. ಇನ್ನು ಮುಂದೆ ನಮ್ಮ ಗುಂಪಿನ ಒಬ್ಬೊಬ್ಬರೂ ನಮ್ಮ ಊರಿನ ಗ್ರಾಮಸಭೆಗೆ ಹೋಗಿ ಇದೇ ನಿರ್ಣಯ ಮಂಡಿಸುತ್ತೇವೆ. ಬರೆಸಿಕೊಂಡರೋ ಇಲ್ಲವೋ ಅನ್ನುವುದನ್ನು ಇಲ್ಲೇ ಬರೆಯುತ್ತೇವೆ. ನಿಮ್ಮ ಊರಿನಲ್ಲಿ ಏನಾಯಿತು ಅಂತ ನೀವೂ ನಮಗೆ ತಿಳಿಸಿ.

ಮುಂದಿನ ಯುಗಾದಿಗೆ ಊರಿಗೆ ಹೋದಾಗ ಅದೇ ಪ್ರಶ್ನೆ ಮತ್ತೆ ಕೇಳುತ್ತೇವೆ. ಆ ಅಜ್ಜ ಒಂದು ಹೆಸರು ಹೇಳಲಿ. ಬೇಕಾದರೆ ಬೈದೇ ಹೇಳಲಿ. ಬೈಯುವುದಕ್ಕಾದರೂ ನಾವು ಆರಿಸಿದ ಒಬ್ಬರು ಇರಬೇಕಲ್ಲ.