ಹಳೆಯ ವಿಳಾಸಕ್ಕೂ ಉತ್ತರ ಕೊಡಿ

ರಾಮನಗರಕ್ಕೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಹೋಯಿತು. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಬರೆಯುತ್ತಾರೆ. ಹಳೆಯ ಪ್ರಬಂಧ ಓದಿದವರಿಗೂ ಬೆಟ್ಟ ಸಿಗುತ್ತದೆ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದು ಬೆಂಗಳೂರು ದಕ್ಷಿಣವಾಯಿತು. ಹೆಸರಿನ ಜಗಳಕ್ಕೆ ನಾನು ಬಂದಿಲ್ಲ. ನನ್ನ ತಕರಾರು ಜಾಲತಾಣಗಳ ವಿಳಾಸದ್ದು. ಹೆಸರು ಬದಲಾಯಿತೆಂದೋ ತಾಣ ಹೊಸದಾಯಿತೆಂದೋ ಹಳೆಯ ಕೊಂಡಿಗಳನ್ನು ಸಾಯಿಸುವುದು ಅನ್ಯಾಯ.

ಮಾಗಡಿಯ ಬಗ್ಗೆ ಹಿಂದೆ ಬರೆದ ಲೇಖನದಲ್ಲಿ ಆಧಾರವಾಗಿ ನಾನು ಕೊಟ್ಟಿದ್ದ ಒಂದು ಕೊಂಡಿ ಈಗ ತೆರೆಯುವುದಿಲ್ಲ. 404, ಪುಟ ಸಿಗಲಿಲ್ಲ. ಓದುಗರ ಕಣ್ಣಲ್ಲಿ ಸುಳ್ಳುಗಾರನಾದವನು ನಾನು.

ಕೇಳಿದರೆ 'ತಾಂತ್ರಿಕ ಕಾರಣ' ಎನ್ನುತ್ತಾರೆ. ಯಾವ ಕಾರಣ? ತಾಲ್ಲೂಕು ಕಚೇರಿಯ ಟಪಾಲು ವಿಭಾಗ ನೆನೆಸಿಕೊಳ್ಳಿ. ಯಾವ ಅರ್ಜಿಯಾದರೂ ಮೊದಲು ಅಲ್ಲಿಗೆ ಹೋಗಬೇಕು, ಅಲ್ಲಿಂದ ಸಂಬಂಧಪಟ್ಟ ಮೇಜಿಗೆ. ಅಪಾಚೆಯಂಥ ಸರ್ವರಿಗೂ ಅದನ್ನೇ ಕಲಿಸಬಹುದು; ಕೆಲವೇ ಸಾಲಿನ ನಿಯಮ ಸಾಕು. ಕೇಳಿದ ಚಿತ್ರವೋ ಕಡತವೋ ಇದ್ದರೆ ನೇರ ಕೊಡು, ಇಲ್ಲದಿದ್ದರೆ ಕೋರಿಕೆಯನ್ನು ಒಂದೇ ಸ್ಕ್ರಿಪ್ಟಿಗೆ ಒಪ್ಪಿಸು. ವಿಳಾಸ ಓದಿ ಪುಟ ಹುಡುಕುವುದು ಆ ಸ್ಕ್ರಿಪ್ಟಿನ ಕೆಲಸ. ಓದುಗರಿಗೆ ಐಡಿ ಸಂಖ್ಯೆಯಾಗಲಿ, ಪಿಎಚ್‌ಪಿ ಎಂಬ ಬಾಲವಾಗಲಿ ಕಾಣಬೇಕಿಲ್ಲ. 'ಚನ್ನಪಟ್ಟಣ/ಗೊಂಬೆ' ಎಂದರೆ ಸಾಕು. ನಾಳೆ ಪಿಎಚ್‌ಪಿ ಬಿಟ್ಟು ಬೇರೇನು ಹಿಡಿದರೂ ಈ ವಿಳಾಸ ಅಲುಗಬೇಕಿಲ್ಲ. ಹೆಸರೇ ಬದಲಾದರೆ 301 ಎಂಬ ಸಂಕೇತ ಕೊಟ್ಟು ಹಳೆಯದರಿಂದ ಹೊಸದಕ್ಕೆ ಕಳಿಸಬಹುದು. ಕನ್ನಡ ವಿಕಿಪೀಡಿಯದ ಹಿಂದೆಯೂ ಇಂಥದೇ ಒಂದು ಸ್ಕ್ರಿಪ್ಟ್ ಇದೆ. ಅಲ್ಲಿ ಲೇಖನದ ಹೆಸರು ಬದಲಿಸಿದರೆ ಹಳೆಯ ಹೆಸರೂ ಸಾಮಾನ್ಯವಾಗಿ ದಾರಿ ತೋರಿಸುತ್ತಲೇ ಇರುತ್ತದೆ.

ಕೆಲವರು ಹಳೆಯ ಕೊಂಡಿಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಕನಕಪುರದಿಂದ ಮಾಗಡಿಗೆ ಹೊರಟವರನ್ನು ಮೆಜೆಸ್ಟಿಕ್ಕಿನಲ್ಲಿ ಇಳಿಸಿ 'ಇಲ್ಲಿಂದ ಎಲ್ಲ ಕಡೆಗೂ ಬಸ್ಸಿದೆ' ಎಂದ ಹಾಗಾಯಿತು. ಪುಟ ಇಲ್ಲದಿದ್ದರೆ ಇಲ್ಲವೆಂದು ಹೇಳಿ, ಅದು ಪ್ರಾಮಾಣಿಕತೆ. ಇಟ್ಟುಕೊಂಡೂ ದಾರಿ ಮುಚ್ಚುವುದು ಸೋಮಾರಿತನ.

ಒಳ್ಳೆಯ ವಿಳಾಸ ಬದಲಾಗಬಾರದೆಂದು ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಾದಿಸಿದ್ದರು. ನಮಗೆ ಈ ಮಾತು ಇನ್ನೂ ಹೆಚ್ಚು ತಟ್ಟಬೇಕು. ಇವತ್ತಿನ ಎಷ್ಟೋ ಕನ್ನಡ ಬರಹಗಳಿಗೆ ಅಚ್ಚಿನ ಪ್ರತಿಯೇ ಇಲ್ಲ. ಕೊಂಡಿ ಸತ್ತರೆ ಅವನ್ನು ಯಾವ ಗ್ರಂಥಾಲಯದಲ್ಲಿ ಹುಡುಕುವುದು? ತಾಣವನ್ನು ನವೀಕರಿಸಲು ಹಣ ಕೊಡುವವರು ಮೊದಲು ಹಳೆಯ ವಿಳಾಸಗಳ ಪಟ್ಟಿ ಕೇಳಲಿ. ಅವೆಲ್ಲ ಸರಿಯಾದ ಪುಟಕ್ಕೇ ತಲುಪುತ್ತವೆಯೇ ಎಂದು ನೋಡಿದ ಮೇಲೆ ಬಿಲ್ ಪಾಸು ಮಾಡಲಿ.