ಕಳೆಯಬೇಕಾದ ಗಂಟೆ, ಕಳೆಯಬಾರದ ಗಂಟೆ

ನಮ್ಮ ತಾಯಿ ತೀರಿಕೊಂಡದ್ದು 1998ರ ಆಷಾಢ ಮಾಸದಲ್ಲಿ. ಮೊದಲೆರಡು ವರ್ಷಗಳ ತಿಥಿಗೆ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಿಂದ ತಮ್ಮ ಕೊಳ್ಳೇಗಾಲಕ್ಕೆ ಬಂದು ಹೋದನು. 2001ರಲ್ಲಿ ಅವನಿಗೆ ರಜೆ ದೊರೆಯಲಿಲ್ಲ. ದೂರವಾಣಿಯಲ್ಲಿ, "ಅಣ್ಣ, ನೀವು ಎಷ್ಟು ಹೊತ್ತಿಗೆ ಕೂತ್ಕೋತೀರಿ? ನಾನೂ ಅದೇ ಹೊತ್ತಿಗೆ ಇಲ್ಲಿ ಕೂರ್ತೀನಿ" ಎಂದು ಕೇಳಿದನು. ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಮತ್ತು ಭೂಗೋಳ ಹೇಳಿಕೊಟ್ಟವನು. ಥಟ್ಟನೆ ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಅವರಿಗೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ. ನಮಗೆ ಬುಧವಾರ ಮಧ್ಯಾಹ್ನ ಒಂದೂವರೆಯಾದರೆ ಅವರಿಗೆ ಮಂಗಳವಾರದ ರಾತ್ರಿ ಕಳೆದು ಒಂದು ಗಂಟೆ. ಹಾಗೆಯೇ ಹೇಳಿದೆ. ಲೆಕ್ಕದಲ್ಲಿ ಒಂದು ನಿಮಿಷದ ತಪ್ಪೂ ಇರಲಿಲ್ಲ.

ಅವನು ಆ ರಾತ್ರಿ ಒಂದು ಗಂಟೆಗೆ ಸ್ನಾನ ಮಾಡಿ, ಅಡುಗೆಮನೆಯ ದೀಪದ ಕೆಳಗೆ ದರ್ಭೆ ಎಳ್ಳು ಇಟ್ಟುಕೊಂಡು ಒಬ್ಬನೇ ಕುಳಿತನಂತೆ. ಇಲ್ಲಿ ಊಟವಾದ ಮೇಲೆ ನಾನು ಈ ಸಂಗತಿಯನ್ನು ಸ್ವಲ್ಪ ಹೆಮ್ಮೆಯಿಂದಲೇ ಪುರೋಹಿತರಿಗೆ ತಿಳಿಸಿದೆ. ಅವರು ತಾಂಬೂಲ ಮಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, "ಮೇಷ್ಟ್ರೇ, ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವರು ನೀವು. ಸೂರ್ಯನೇ ಇಲ್ಲದ ಹೊತ್ತಿನಲ್ಲಿ ಅಪರಾಹ್ಣ ಎಲ್ಲಿಂದ ಬರುತ್ತೆ?" ಎಂದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಎಷ್ಟೋ ಮನೆಗಳ ಮಕ್ಕಳು ಹೊರದೇಶಗಳಲ್ಲಿದ್ದಾರೆ. ಹಬ್ಬ ಎಂದು, ಶ್ರಾದ್ಧ ಎಂದು, ಮಗುವಿನ ಹುಟ್ಟುಹಬ್ಬ ಎಂದು ಅವರು ನಮ್ಮನ್ನು ಕೇಳುತ್ತಾರೆ. ನಾವು ಗಂಟೆಗಳನ್ನು ಕಳೆದು ಉತ್ತರ ಹೇಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಈ ಕಳೆಯುವಿಕೆ ಅರ್ಧ ಮಾತ್ರ ಸರಿ. ವೇಳೆಗಳಲ್ಲಿ ಎರಡು ಜಾತಿ. ಜಗತ್ತಿಗೆಲ್ಲ ಒಂದೇ ಸಲ ಘಟಿಸುವ ಕ್ಷಣ ಒಂದು. ಚಂದ್ರಗ್ರಹಣದ ಸ್ಪರ್ಶ, ತಿಥಿಯ ಅಂತ್ಯ, ಮಗುವಿನ ಜನನ ಇವೆಲ್ಲ ಆ ಜಾತಿಯವು. ಇದನ್ನು ಒಂದು ದೇಶದ ಗಡಿಯಾರದಿಂದ ಇನ್ನೊಂದಕ್ಕೆ ಪರಿವರ್ತಿಸಲೇಬೇಕು. ಇನ್ನೊಂದು, ಆಯಾ ಊರಿನ ಸೂರ್ಯನಿಂದ ಹುಟ್ಟುವ ಹೊತ್ತು. ಪ್ರಾತಃಕಾಲ, ಅಪರಾಹ್ಣ, ರಾಹುಕಾಲ. ಇದನ್ನು ಪರಿವರ್ತಿಸಲೇಬಾರದು, ಅಲ್ಲಿಯೇ ಹೊಸದಾಗಿ ಕಂಡುಕೊಳ್ಳಬೇಕು.

ಈ ಭೇದ ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಮಕ್ಕಳಿಂದ ಗುರುತು ಹಾಕಿಸುತ್ತಿದ್ದೆ. ಹನ್ನೆರಡಕ್ಕೆ ಸರಿಯಾಗಿ ಅದು ಎಂದೂ ಆಗಲಿಲ್ಲ. ಫೆಬ್ರವರಿಯಲ್ಲಿ ಸುಮಾರು 12-35ಕ್ಕೆ, ನವೆಂಬರ್ ಮೊದಲ ವಾರದಲ್ಲಿ ಸುಮಾರು 12-05ಕ್ಕೆ. ವರ್ಷದ ಸರಾಸರಿ ತೆಗೆದರೆ 12-21 ಅಥವಾ 12-22. "ಗಡಿಯಾರ ತಪ್ಪಾ ಸಾರ್, ಸೂರ್ಯ ತಪ್ಪಾ?" ಎಂದು ಪ್ರತಿವರ್ಷವೂ ಯಾವನಾದರೊಬ್ಬ ಹುಡುಗ ಕೇಳುತ್ತಿದ್ದ. ಎರಡೂ ತಪ್ಪಲ್ಲ. ನಮ್ಮ ಗಡಿಯಾರ ತೋರಿಸುವುದು ಮಿರ್ಜಾಪುರದ ಸಮೀಪ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು. ಕೊಳ್ಳೇಗಾಲವಿರುವುದು 77 ಡಿಗ್ರಿ ದಾಟಿ ಸ್ವಲ್ಪದರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಉಳಿದದ್ದನ್ನು ಓದುಗರೇ ಗುಣಿಸಿಕೊಳ್ಳಬಹುದು. ಹನೂರಿಗೆ ಸೂರ್ಯ ನಮಗಿಂತ ಒಂದು ನಿಮಿಷಕ್ಕೂ ಕಡಿಮೆ ಅವಧಿಯಷ್ಟು ಮೊದಲು, ಯಳಂದೂರಿಗೆ ಕೆಲವು ಸೆಕೆಂಡುಗಳಷ್ಟು ತಡವಾಗಿ ನೆತ್ತಿಗೆ ಬರುತ್ತಾನೆ.

ಮಿರ್ಜಾಪುರದ ವೇಳೆ ನಮ್ಮದಾದದ್ದು 1906ರ ಜನವರಿ 1ರಿಂದ. ಅದಕ್ಕೆ ಮೊದಲು ರೈಲು ಇಲಾಖೆ ಮದರಾಸಿನ ವೇಳೆಯನ್ನು ಅನುಸರಿಸುತ್ತಿತ್ತು. ಅದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ ಸೇರಿತ್ತು. ಹತ್ತಿರದ ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಎತ್ತಿನಗಾಡಿಯಲ್ಲಿ ಅರ್ಧ ದಿನದ ದಾರಿ, ನಡುವೆ ಎರಡು ಸರ್ಕಾರ. ಕೊಳ್ಳೇಗಾಲಕ್ಕೆ ರೈಲು ಬರಲೇ ಇಲ್ಲ. ರೈಲಿಗಾಗಿ ಹುಟ್ಟಿದ ಗಡಿಯಾರ ಮಾತ್ರ ಬಂತು.

ಗಡಿಯಾರ ಸರ್ಕಾರದ ಮಾತು ಕೇಳುತ್ತದೆ, ಸೂರ್ಯ ಕೇಳುವುದಿಲ್ಲ. ನಮ್ಮ ಅಕ್ಕನ ಜಾತಕವೇ ಇದಕ್ಕೆ ಸಾಕ್ಷಿ. ಆಕೆ ಹುಟ್ಟಿದ್ದು 1944ರ ಜನವರಿ ಕೊನೆಯ ವಾರ, ಕೊಳ್ಳೇಗಾಲದ ಮನೆಯಲ್ಲಿ. ತಂದೆಯವರು ಜೇಬಿನ ಗಡಿಯಾರ ನೋಡಿ ಬೆಳಿಗ್ಗೆ 6-30 ಎಂದು ಬರೆದಿಟ್ಟಿದ್ದರು. ಆ ಆಧಾರದ ಮೇಲೆ ಮಕರ ಲಗ್ನವೆಂದು ಜಾತಕ ಸಿದ್ಧವಾಯಿತು. ಹೊಂದಲಿಲ್ಲವೆಂದು ಒಂದು ಒಳ್ಳೆಯ ಸಂಬಂಧ ತಪ್ಪಿಯೂ ಹೋಯಿತು. ಅಮ್ಮ ಮಾತ್ರ ಮೊದಲಿನಿಂದಲೂ, "ಆಗ ಇನ್ನೂ ಕಗ್ಗತ್ತಲು, ಸೂಲಗಿತ್ತಿ ಬುಡ್ಡಿದೀಪ ಹಿಡಿದಿದ್ದಳು" ಎನ್ನುತ್ತಿದ್ದರು. ಜನವರಿಯಲ್ಲಿ ಆರೂವರೆಗೆ ಕಗ್ಗತ್ತಲು ಹೇಗಿದ್ದೀತು, ಹೆರಿಗೆಯ ನೋವಿನಲ್ಲಿ ಅವರಿಗೆ ಗೊತ್ತಾಗಿಲ್ಲ ಎಂದು ಗಂಡಸರೆಲ್ಲ ತಳ್ಳಿಹಾಕಿದ್ದೆವು. ಅನಂತರ ವಯಸ್ಸಾದ ಜೋಯಿಸರೊಬ್ಬರು ಜನನದ ವರ್ಷ ನೋಡಿದೊಡನೆ ಗುಟ್ಟು ಬಿಡಿಸಿದರು. ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತ್ತು. ತಂದೆಯವರು ಬರೆದ 6-30 ನಿಜವಾಗಿ ನಮ್ಮ ಇಂದಿನ 5-30. ಮಕರ ಹೋಗಿ ಧನುರ್ಲಗ್ನವಾಯಿತು. ಜಾತಕವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಅಮ್ಮ ಕಂಡ ಕತ್ತಲೆ ಸುಳ್ಳಾಗಿರಲಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ಹನೂರಿನಾಚೆ ಒಡೆಯರಪಾಳ್ಯದಲ್ಲಿ ಟಿಬೆಟಿನವರ ವಸತಿಯಿದೆ. ಅವರ ಲಾಸಾ ನಗರ ನಮಗಿಂತ ಸುಮಾರು 14 ಡಿಗ್ರಿ ಪೂರ್ವಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆಗೂ ಕಡಿಮೆ ವ್ಯತ್ಯಾಸ. ಆದರೆ ಚೀನಾ ದೇಶಕ್ಕೆಲ್ಲ ಬೀಜಿಂಗಿನದೊಂದೇ ವೇಳೆಯಾದುದರಿಂದ ಗಡಿಯಾರಗಳ ನಡುವಿನ ಅಂತರ ಎರಡೂವರೆ ಗಂಟೆ.

ಈಗ ತಮ್ಮನ ವಿಷಯಕ್ಕೆ ಮರಳುತ್ತೇನೆ. ಶ್ರಾದ್ಧದ ದಿನವನ್ನು ನಿರ್ಣಯಿಸುವಾಗ ಹಗಲನ್ನು ಐದು ಸಮಪಾಲು ಮಾಡಿ, ನಾಲ್ಕನೆಯ ಪಾಲಾದ ಅಪರಾಹ್ಣದಲ್ಲಿ ಆ ತಿಥಿ ಇದೆಯೇ ಎಂದು ನೋಡುತ್ತಾರೆ. ಚಂದ್ರನು ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸರಿಯುವ ಅವಧಿಯೇ ತಿಥಿ. ಅದರ ಆರಂಭ, ಅಂತ್ಯ ಜಗತ್ತಿಗೆಲ್ಲ ಒಂದೇ ಕ್ಷಣ. ಜುಲೈ ತಿಂಗಳಲ್ಲಿ ಒಂದು ತಿಥಿ ನಮ್ಮ ಪಂಚಾಂಗದಂತೆ ಮಂಗಳವಾರ ಸಂಜೆ 4-30ಕ್ಕೆ ಆರಂಭವಾಗಿ ಬುಧವಾರ ಮಧ್ಯಾಹ್ನ 3-00ಕ್ಕೆ ಮುಗಿಯಿತೆಂದು ಇಟ್ಟುಕೊಳ್ಳೋಣ. ಕೊಳ್ಳೇಗಾಲದಲ್ಲಿ ಆಗ ಅಪರಾಹ್ಣ ಸುಮಾರು 1-40ರಿಂದ 4-15ರವರೆಗೆ. ಆದ್ದರಿಂದ ನಮಗೆ ಶ್ರಾದ್ಧ ಬುಧವಾರ. ಅದೇ ಎರಡು ಕ್ಷಣಗಳಿಂದ ಹನ್ನೆರಡೂವರೆ ಗಂಟೆ ಕಳೆಯಿರಿ. ಸ್ಯಾನ್ ಹೋಸೆಯಲ್ಲಿ ತಿಥಿ ಮಂಗಳವಾರ ಬೆಳಗಿನ ಜಾವ 4-00ಕ್ಕೆ ಹುಟ್ಟಿ ಬುಧವಾರ ಬೆಳಗಿನ ಜಾವ 2-30ಕ್ಕೆ ಮುಗಿಯುತ್ತದೆ. ಅಲ್ಲಿಯ ಜುಲೈ ಹಗಲು ಹದಿನಾಲ್ಕೂವರೆ ಗಂಟೆಯಷ್ಟು ದೀರ್ಘ. ಅಪರಾಹ್ಣ ಸುಮಾರು 2-40ರಿಂದ 5-30. ತಿಥಿ ವ್ಯಾಪಿಸಿರುವ ಅಪರಾಹ್ಣ ಮಂಗಳವಾರದ್ದು. ಅವನಿಗೆ ಶ್ರಾದ್ಧ ಮಂಗಳವಾರ ಹಗಲು. ಇಲ್ಲಿ ಕಳೆದದ್ದು ತಿಥಿಯ ಆದಿ ಅಂತ್ಯಗಳನ್ನು ಮಾತ್ರ; ಅಪರಾಹ್ಣವನ್ನಲ್ಲ. ನಾನು 2001ರಲ್ಲಿ ಮಾಡಿದ ತಪ್ಪು ಅಪರಾಹ್ಣವನ್ನೂ ಕಳೆದದ್ದು.

ಹಬ್ಬಗಳಿಗೂ ಇದೇ ನ್ಯಾಯ. ಅಮೆರಿಕದ ದೇವಸ್ಥಾನಗಳು ತಮ್ಮ ತಮ್ಮ ನಗರದ ಸೂರ್ಯೋದಯ ಹಿಡಿದು ಪಂಚಾಂಗ ಸಿದ್ಧಪಡಿಸುತ್ತವೆ. ಏಕಾದಶಿಯೋ ಯುಗಾದಿಯೋ ಒಮ್ಮೊಮ್ಮೆ ನಮಗಿಂತ ಒಂದು ತಾರೀಖು ಹಿಂದೆ ಬರುತ್ತದೆ. ಅದನ್ನು ಕಂಡು ನಮ್ಮ ಹಿರಿಯರು "ಅಲ್ಲಿ ಎಲ್ಲಾ ಕೆಟ್ಟುಹೋಗಿದೆ" ಎಂದು ಕೊರಗುವುದನ್ನು ಕೇಳಿದ್ದೇನೆ. ಕೆಟ್ಟಿಲ್ಲ, ಶಾಸ್ತ್ರವನ್ನು ಸರಿಯಾಗಿ ಅನುಸರಿಸಿದ್ದಾರೆ. ರಾಹುಕಾಲದ್ದಂತೂ ನಗೆಪಾಟಲು. ಸೋಮವಾರ ಏಳೂವರೆಯಿಂದ ಒಂಬತ್ತು ಎಂಬ ಕ್ಯಾಲೆಂಡರಿನ ಅಂಕಿ, ಹಗಲನ್ನು ಎಂಟು ಪಾಲು ಮಾಡಿದಾಗ ಬರುವ ಎರಡನೆಯ ಪಾಲು, ಸೂರ್ಯೋದಯ ಆರಕ್ಕೆ ಎಂದು ಹಿಡಿದದ್ದು. ಅದರಿಂದ ಹತ್ತೂವರೆ ಗಂಟೆ ಕಳೆದು, ನ್ಯೂಜೆರ್ಸಿಯ ಮಗಳಿಗೆ ಭಾನುವಾರ ರಾತ್ರಿ ಒಂಬತ್ತರಿಂದ ರಾಹುಕಾಲ ಎಂದು ಎಚ್ಚರಿಸಿದ ತಂದೆಯೊಬ್ಬರನ್ನು ನಾನು ಬಲ್ಲೆ.

ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಇನ್ನೊಂದು ಸಮಸ್ಯೆ. ಮೊಮ್ಮಗಳು ನ್ಯೂಜೆರ್ಸಿಯಲ್ಲಿ ಜನವರಿ 5ರ ಸಂಜೆ ಏಳಕ್ಕೆ ಹುಟ್ಟಿದಳು. ಇಲ್ಲಿ ಆಗ 6ರ ಬೆಳಿಗ್ಗೆ ಐದೂವರೆ. ಅಜ್ಜಿ 6ರಂದು ಪಾಯಸ ಮಾಡುತ್ತಾರೆ, ಮಗ 5 ಎನ್ನುತ್ತಾನೆ. ನಕ್ಷತ್ರ ಎರಡೂ ಕಡೆ ಒಂದೇ, ಏಕೆಂದರೆ ಕ್ಷಣ ಒಂದೇ. ಲಗ್ನ ಮಾತ್ರ ನ್ಯೂಜೆರ್ಸಿಯ ದಿಗಂತದ್ದು. ಇನ್ನು ವಾರ ತಾರೀಖುಗಳು ಮಗು ಕಣ್ಣು ತೆರೆದ ಊರಿನವು. ಅಜ್ಜಿಯ ಸಮಾಧಾನಕ್ಕೆ ನಾನು ಹೇಳಿದ್ದು ಇಷ್ಟು: ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ; ಜನವರಿಯ ಐದೂವರೆಗೆ ಕೊಳ್ಳೇಗಾಲದಲ್ಲಿ ಸೂರ್ಯ ಹುಟ್ಟಿರುವುದಿಲ್ಲ; ಆದ್ದರಿಂದ ನಮ್ಮ ಲೆಕ್ಕದಲ್ಲಿಯೂ ಅದು ಹಿಂದಿನ ದಿನದ ವಾರವೇ. ಅವರು ಒಪ್ಪಿದರು. ಪಾಯಸವನ್ನು ಮಾತ್ರ 6ರಂದೇ ಮಾಡುತ್ತಾರೆ.

ಇದೆಲ್ಲಕ್ಕೂ ಈಗ ಮೊಬೈಲ್ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ಈಗ ಎಷ್ಟು ಗಂಟೆ ಎಂಬುದನ್ನು ಮೊಬೈಲ್ ಹೇಳುತ್ತದೆ, ನಿಜ. ಮಾರ್ಚಿಯ ಎರಡನೆಯ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಅಮೆರಿಕದ ಬಹುಭಾಗದಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ನಾನು ಮಕ್ಕಳಿಗೆ ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗಾಗಿ ಹಿಡಿದು ಗ್ರೀನಿಚ್ ವೇಳೆ ಓದುವುದನ್ನು ಕಲಿಸುತ್ತಿದ್ದೆ. ಅದು ಇನ್ನು ಆಟವಾಗಿ ಉಳಿಯಲಿ. ಯಾವುದನ್ನು ಕಳೆಯಬೇಕು, ಯಾವುದನ್ನು ಕಳೆಯಬಾರದು ಎಂಬುದನ್ನು ಕೇಳುವವನೇ ತಿಳಿದಿರಬೇಕು.

ತಮ್ಮನ ಆಕ್ಷೇಪಣೆ ಬೇರೆ ಬಗೆಯದು. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಪುರೋಹಿತರ ಮಾತನ್ನು ತಿಳಿಸಿದಾಗ ಅವನು, "ನನಗೆ ಶಾಸ್ತ್ರ ಗೊತ್ತಿಲ್ಲ ಅಣ್ಣ. ನೀನು ಅಲ್ಲಿ ಎಳ್ಳುನೀರು ಬಿಡುವಾಗ ನಾನೂ ಬಿಡಬೇಕು ಅನ್ನಿಸಿತು, ಅಷ್ಟೇ" ಎಂದನು. ಆ ರಾತ್ರಿಯ ಕೂರುವಿಕೆ ವ್ಯರ್ಥವಾಯಿತೆಂದು ಹೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೂ ಮರುವರ್ಷದಿಂದ ಅವನ ಊರಿನ ಸೂರ್ಯನನ್ನು ನೋಡಿ ದಿನ ಗೊತ್ತುಮಾಡಿ ಹೇಳುತ್ತಿದ್ದೇನೆ. ಜೊತೆಗೂಡಲು ದೂರವಾಣಿಯಿದೆ, ಆ ಮಾತುಕತೆಯ ಹೊತ್ತನ್ನು ಬೇಕಾದಂತೆ ಕೂಡಿಸಲಿ, ಕಳೆಯಲಿ.

ಒಂದು ವರ್ಷ ದಿನಗಳು ಬೇರೆಯಾದವು. ಅವನಿಗೆ ಮಂಗಳವಾರ, ನಮಗೆ ಬುಧವಾರ. ಬುಧವಾರ ಬೆಳಿಗ್ಗೆ ಆರೂವರೆಗೆ ಅವನ ಕರೆ ಬಂತು. ಅಲ್ಲಿ ಇನ್ನೂ ಮಂಗಳವಾರ ಸಂಜೆ ಆರು, ಹೊರಗೆ ಒಳ್ಳೆಯ ಬಿಸಿಲಿತ್ತಂತೆ. ಎಲ್ಲವೂ ಮುಗಿದು ಈಗ ತಾನೆ ಊಟಕ್ಕೆ ಕುಳಿತೆವು ಎಂದನು. ಹಾಗಲಕಾಯಿ ಸಿಕ್ಕಿತೇ ಎಂದು ನಾನು ಕೇಳಿದೆ, ಸಿಕ್ಕಿತು ಎಂದನು. ವಡೆಗೆ ಉದ್ದು ನೆನೆಹಾಕಿದಿರಾ ಎಂದು ಅವನು ಅತ್ತಿಗೆಯನ್ನು ವಿಚಾರಿಸಿದನು. ಆಗಲೇ ನೆನೆಹಾಕಿಯಾಗಿತ್ತು.