ದುಡಿಮೆಯ ವಹಿ ಯಾರ ಕೈಯಲ್ಲಿ?

ತಿಕೋಟಾದ ಕಿರಾಣಿ ಅಂಗಡಿಯ ಉದ್ರಿ ವಹಿಯನ್ನು ಓದಬಲ್ಲವನಿಗೆ ಊರಿನ ಬೆಳೆ, ಬೇನೆ, ಮದುವೆಗಳೆಲ್ಲ ತಿಳಿದಾವು. ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವವರಿಗೂ ಇಂಥ ವಹಿಯುಂಟು. ಯಾವ ಸಾಲನ್ನು ಯಾರು ಎಂದು ತಿದ್ದಿದರು, ಯಾವ ತಪ್ಪು ಎಲ್ಲಿ ಹುಟ್ಟಿತು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಈ ಭಂಡಾರಗಳನ್ನು ಅಗೆದು ನೋಡುವ ಪಂಡಿತರು 2004ರಿಂದ ಸಭೆ ಸೇರುತ್ತಿದ್ದಾರೆ. 2014ರಲ್ಲಿ ಹೈದರಾಬಾದಿನಲ್ಲೇ ಸೇರಿದ್ದರು. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ಬಬಲೇಶ್ವರದ ಹುಡುಗರ ಬೆವರೂ ಇಂಥ ವಹಿಗಳಲ್ಲಿದೆ. ಆದ್ದರಿಂದ ಇದು ನಮಗೆ ಸಂಬಂಧಿಸದ ವಿದ್ಯೆಯೆಂದು ನಾವು ಬಗೆಯುವುದಿಲ್ಲ.

2005ರಲ್ಲಿ ಜರ್ಮನಿಯ ಸಂಶೋಧಕರು ಎಕ್ಲಿಪ್ಸ್, ಮೊಜಿಲ್ಲಾ ಎಂಬೆರಡು ತಂತ್ರಾಂಶಗಳ ವಹಿ ತಡಕಿ, ಶುಕ್ರವಾರದ ತಿದ್ದುಪಡಿಗಳಿಂದ ತಪ್ಪು ಹೊರಡುವುದು ಹೆಚ್ಚೆಂದು ಸಾರಿದರು. ಗಿರಣಿ ಕಾಮಗಾರರು ಇದನ್ನೋದಿ ನಕ್ಕಾರು. ಪಾಳಿಯ ಕೊನೆಯ ತಾಸಿನಲ್ಲಿ ಕೈ ತಪ್ಪುವುದೇಕೆಂದು ಅವರಿಗೆ ಪಂಡಿತರು ಹೇಳಬೇಕೇ? ವಹಿಯು ವಾರವನ್ನು ಹೇಳೀತು, ದಣಿವನ್ನು ಹೇಳದು. ಅದೇ ವಹಿಯನ್ನು ಮಾಲೀಕನು ಓದಿ, ‘ಇವನು ಬೇಪರ್ವಾ’ ಎಂದು ಪಗಾರ ಕಡಿದರೆ ಕೇಳುವವರಾರು? ಬರೆದ ಸಾಲುಗಳನ್ನೆಣಿಸಿ ಕೂಲಿ ಅಳೆಯಹೊರಟರಂತೂ, ಬೇಡದ ನೂರು ಸಾಲನ್ನು ಅಳಿಸಿದ ಜಾಣನೇ ಸೋಮಾರಿಯಾಗುತ್ತಾನೆ!

ಬಂಡವಾಳವು ಸುಮ್ಮನೆ ಕುಳಿತಿಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಗಿಟ್‌ಹಬ್ ಎಂಬ ದೊಡ್ಡ ಭಂಡಾರವನ್ನು 750 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ, ಅಲ್ಲಿ ಜನರು ಬಹಿರಂಗವಾಗಿಟ್ಟ ಬರಹವನ್ನುಂಡು ಬೆಳೆದ ಯಂತ್ರವೊಂದು ಹೊರಬಂತು. 2022ರಲ್ಲಿ ಅದಕ್ಕೆ ತಿಂಗಳಿಗೆ 10 ಡಾಲರಿನ ಬಾಡಿಗೆ ಹಚ್ಚಿದರು. ಬರೆದವರಲ್ಲಿ ಕೆಲವರು ಅದೇ ವರ್ಷ ಅಮೆರಿಕದ ಕೋರ್ಟಿನ ಮೆಟ್ಟಿಲೇರಿದರು.

ಭಂಡಾರ ಅಗೆದವರನ್ನು ವಿಜಯಪುರವೂ ಕಂಡಿದೆ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆಗಳನ್ನು ಹುಡುಕಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಓಲೆಯಲ್ಲಿ ಹುದುಗಿದ್ದುದು ಅಚ್ಚಾಗಿ ಜನರ ಕೈಗೇ ಮರಳಿತು.

ಈ ಸಂಶೋಧನೆ ಮುಂದೆ ಆ ಹಾದಿ ಹಿಡಿಯಬೇಕೆಂಬುದೇ ನಮ್ಮ ಒತ್ತಾಯ. ವಹಿ ತೆರೆಯುವ ಮುನ್ನ ಬರೆದವರನ್ನು ಕೇಳಲಿ. ಯಾರ ಹೊರೆ ಹೆಚ್ಚಾಗಿದೆಯೆಂಬುದನ್ನು ಹುಡುಕಲಿ. 2024ರಲ್ಲಿ ಕಳ್ಳಬಾಗಿಲು ಪತ್ತೆಯಾದ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಸಾಕಿದವನು ಒಬ್ಬನೇ ಒಬ್ಬ. ಅಂಥವರ ದಣಿವನ್ನು ಮೊದಲೇ ಕಂಡುಹಿಡಿಯುವ ವಿದ್ಯೆ ಬೇಕು. ವಹಿಯ ಸಾಕ್ಷ್ಯದ ಮೇಲೆ ಯಾರ ಪಗಾರವನ್ನೂ ಕಡಿಯಕೂಡದೆಂಬ ಕರಾರನ್ನು ಬೆಂಗಳೂರಿನ ಐಟಿ ನೌಕರರ ಸಂಘವು ತನ್ನ ಬೇಡಿಕೆಗಳಲ್ಲಿ ಸೇರಿಸಲಿ. ಗಿರಣಿಯ ಸಂಘಗಳು ಅದಕ್ಕೆ ದನಿಗೂಡಿಸಲಿ.